ಚಂದ್ರ ನಿಲ್ಲಬೇಕಾದ ಜಾಗ

"ತುಂಬಾ ಚೆನ್ನಾಗಿ ಬರೆದಿದ್ದೀರಿ ಮೇಷ್ಟ್ರೇ. ಆದ್ರೆ ಅಳಿಸ್ಬೇಕು."

ಡ್ರಾಯಿಂಗ್ ಮೇಷ್ಟ್ರ ಬ್ರಷ್ ಅರ್ಧಕ್ಕೇ ನಿಂತಿತು. ತರಗತಿಯ ಗೋಡೆಯ ಮೇಲೆ ನೀಲಿ ಭೂಮಿ. ಅದರ ಭುಜಕ್ಕೆ ಭುಜ ತಾಗಿಸಿಕೊಂಡಂತೆ ಬೆಳ್ಳನೆಯ ಚಂದ್ರ. ಊಟದ ಬಿಡುವನ್ನೆಲ್ಲ ಸುರಿದು ಬರೆದದ್ದು. ಅದೂ ಯಾರಿಗಾಗಿ? ಬಾಗಿಲಲ್ಲಿ ಕೈಕಟ್ಟಿ ನಿಂತಿರುವ ಈ ವಿಜ್ಞಾನದ ಟೀಚರ್‌ಗಾಗಿ.

"ಯಾಕೆ, ಬಣ್ಣ ಸರಿಯಿಲ್ವಾ?"

"ಬಣ್ಣಕ್ಕೆ ನನ್ನ ದೃಷ್ಟೀನೇ ತಾಗೀತು. ತಪ್ಪಿರೋದು ದೂರ. ಪುಸ್ತಕದಲ್ಲಿ ಜಾಗ ಸಾಲ್ದೆ ಇಬ್ಬರನ್ನೂ ಪಕ್ಕಪಕ್ಕ ಕೂರಿಸ್ತಾರೆ. ಮಕ್ಕಳು ಅದನ್ನೇ ನಿಜ ಅಂದ್ಕೊಳ್ತಾರೆ. ದೊಡ್ಡೋರೂ ಅಷ್ಟೇ."

ಕೊನೆಯ ಮಾತಿಗೆ ಅವಳ ಕಣ್ಣಂಚಿನಲ್ಲಿ ನಗು ಸುಳಿದು ಮರೆಯಾಯಿತು.

ಮಕ್ಕಳು ಮನೆಗೆ ಹೋಗಿಯಾಗಿತ್ತು. ಅವಳು ಆಟದ ಕೋಣೆಯಿಂದ ಒಂದು ಬ್ಯಾಸ್ಕೆಟ್‌ಬಾಲ್, ಒಂದು ಟೆನ್ನಿಸ್ ಚೆಂಡು ತಂದಳು. ಚಿಕ್ಕದನ್ನು ಅವನ ಕೈಗಿಟ್ಟು, ದೊಡ್ಡದನ್ನು ಎದೆಗವಚಿಕೊಂಡು ಕಪ್ಪುಹಲಗೆಯ ಬಳಿ ನಿಂತಳು.

"ಇದು ಭೂಮಿ. ಚಂದ್ರ ನಿಮ್ಮ ಕೈಲಿದ್ದಾನೆ. ಎಲ್ಲಿ ನಿಲ್ತೀರಿ, ನೋಡೋಣ."

ಅವನು ಪಕ್ಕದಲ್ಲೇ ನಿಂತ. ಅವಳ ಮುಂಗುರುಳಿಗಂಟಿದ ಸೀಮೆಸುಣ್ಣದ ಪುಡಿ ಕಾಣುವಷ್ಟು ಹತ್ತಿರ.

"ಇಷ್ಟು ಸಲಿಗೆ ಚಂದ್ರನಿಗಿಲ್ಲ. ಹಿಂದೆ ಹೋಗಿ."

"ಇಲ್ಲಿ?"

"ಇನ್ನೂ."

ಬೆಂಚಿನಿಂದ ಬೆಂಚಿಗೆ ಹಿಂದೆ ಸರಿಯುತ್ತ ಕೊನೆಗೆ ಅವನ ಬೆನ್ನು ಗೋಡೆಗೆ ತಾಗಿತು.

"ಹಾಂ, ಅಲ್ಲೇ. ಈ ಸಂದಿಯಲ್ಲಿ ಮೂವತ್ತು ಭೂಮಿ ಸಾಲಾಗಿ ಹಿಡಿಸುತ್ತೆ."

ಕಿಟಕಿಯಿಂದ ಓರೆಯಾಗಿ ಬಿದ್ದ ಇಳಿಬಿಸಿಲಿನಲ್ಲಿ ದೂಳಿನ ಕಣಗಳು ತೇಲುತ್ತಿದ್ದವು. ಗೋಡೆ ಕಂಡರೆ ತುಂಬಿಸುವುದಷ್ಟೇ ಗೊತ್ತಿದ್ದ ಅವನಿಗೆ ಆ ಖಾಲಿ ಜಾಗ ಇಷ್ಟು ಸುಂದರವಾಗಿ ಕಂಡದ್ದು ಅದೇ ಮೊದಲು. ಹತ್ತಿರವಿದ್ದಾಗ ಗಂಟಲಲ್ಲೇ ಉಳಿಯುತ್ತಿದ್ದ ಮಾತು ಅಷ್ಟು ದೂರದಿಂದ ಸಲೀಸಾಗಿ ಬಂತು.

"ಟೀಚರ್, ಇಲ್ಲಿ ನಾನು ಬದಲಿ ಮೇಷ್ಟ್ರು ಅಂತ ನಿಮಗೆ ಗೊತ್ತು. ಬೇರೆ ಊರಿನ ಶಾಲೆಯಲ್ಲಿ ಕಾಯಂ ಕೆಲಸ ಕೊಡ್ತೀವಿ ಅಂದಿದ್ದಾರೆ. ಇವತ್ತೇ ಉತ್ತರ ಹೇಳ್ಬೇಕು. ನೀವು ಇರಿ ಅಂದ್ರೆ ಇದ್ದುಬಿಡ್ತೀನಿ."

ಅವಳು ಚೆಂಡಿನ ಗೆರೆಯ ಮೇಲೆ ಬೆರಳಾಡಿಸಿದಳು. ಬಿಸಿಲು ಒಂದು ಬೆಂಚಿನಷ್ಟು ಸರಿದಂತೆನಿಸಿತು ಅವನಿಗೆ.

"ಹೋಗಿ," ಎಂದಳು.

ಅವನು ಚೆಂಡನ್ನು ಪಕ್ಕದ ಬೆಂಚಿನ ಮೇಲಿಟ್ಟ. ನಗಲು ನೋಡಿದ, ಆಗಲಿಲ್ಲ. "ಸರಿ ಟೀಚರ್."

"ಪೂರ್ತಿ ಕೇಳಿ ಮಾರಾಯ್ರೇ. ಹೋಗಿ, ಕೆಲಸ ಒಪ್ಕೊಳ್ಳಿ. ನಮ್ಮಮ್ಮ ಕೇಳೋ ಮೊದಲನೇ ಪ್ರಶ್ನೆನೇ, ಹುಡುಗನ ಕೆಲಸ ಕಾಯಂ ಆಗಿದ್ಯಾ ಅಂತ."

ಅರ್ಥವಾಗಲು ಅವನಿಗೆ ತುಸು ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳು ಭೂಮಿಯನ್ನು ಮೇಜಿನ ಮೇಲಿಟ್ಟು, ಬೆಂಚುಗಳ ನಡುವೆ ನಡೆದು ಬರುತ್ತಿದ್ದಳು. ಕೆನ್ನೆ ಕೆಂಪೇರಿತ್ತು.

"ಎರಡನೇ ಪ್ರಶ್ನೆ?" ಅವನ ದನಿ ಪಿಸುಮಾತಾಗಿತ್ತು.

"ಅಡುಗೆ ಬರುತ್ತಾ ಅಂತ."

"ಬರಲ್ಲ."

"ನನಗೂ ಬರಲ್ಲ," ಎನ್ನುತ್ತ ಅವಳು ಅವನ ಬಣ್ಣದ ಬೆರಳುಗಳನ್ನು ಹಿಡಿದುಕೊಂಡಳು. "ಅದನ್ನ ಆಮೇಲೆ ನೋಡ್ಕೊಳ್ಳೋಣ."