ಎಡಗೈಯ ಮೊಳೆ

"ಅದೊಂದ ಬುಡಪ್ಪ. ಅಲ್ಲೇ ಇರ್ಲಿ."

ಗಂಗಕ್ಕ ಬಾಗಿಲಾಚೆಯೇ ನಿಂತಿದ್ದಳು. ತೆಂಗಿನಕಾಯಿ ಒಣಹಾಕುವ ಆ ಅಟ್ಟದಮನೆಯಲ್ಲಿ ಕೊಬ್ಬರಿ ಒಡೆಯುವುದು ಅವಳ ಕೆಲಸ. ಬೇವಿನ ದಿಮ್ಮಿ ಒಳಗೆ ಬಂದಂದಿನಿಂದ ಮಾತ್ರ ಅವಳು ಹೊಸಿಲು ದಾಟಿರಲಿಲ್ಲ. ಹೊರಗೆ ಬಿಸಿಲಲ್ಲೇ ಕೂತು ಚಿಪ್ಪು ಒಡೆಯುತ್ತಿದ್ದಳು.

ಇನ್ನಾಸಪ್ಪ ತಲೆಯೆತ್ತಲಿಲ್ಲ. ಅವನ ಮೊಣಕಾಲುಗಳ ನಡುವೆ ಮರದ ತೋಳೊಂದು ಅಂಗಾತ ಮಲಗಿತ್ತು. ಬೆರಳುಗಳು ಬಂದಿದ್ದವು, ಅಂಗೈಯ ಗುಳಿ ಬಂದಿತ್ತು. ಅದರಿಂದ ಎರಡು ಬೆರಳಗಲ ಕೆಳಗೆ, ಮಣಿಕಟ್ಟಿನ ಓರೆಗೆ, ತುಕ್ಕು ಹಿಡಿದ ದಪ್ಪ ಮೊಳೆಯ ತಲೆ ಎದ್ದು ಕಾಣುತ್ತಿತ್ತು. ಅದಕ್ಕೆ ತಗಲಿ ಅವನ ಒಳ್ಳೆಯ ಉಳಿಯ ಬಾಯಿ ಈಗಷ್ಟೇ ಮುರಿದಿತ್ತು.

"ನಿಮ್ ಸ್ವಾಮಿ ಕೈಗೂ ಮೊಳೆ ಹೊಡ್ದಿದ್ರಂತಲ್ಲ? ಇದೇ ಆ ಮೊಳೆ ಅಂದ್ಕೊಂಡ್ರಾಯ್ತು," ಎಂದಳು ಗಂಗಕ್ಕ.

"ಸೊಟ್ಟಗಿದೆಯಲ್ಲಮ್ಮ! ನೋಡಿದೋರು, ಮೊಳೆ ಹೊಡೆದ ಸಿಪಾಯಿ ಕುಡಿದಿದ್ದ ಅಂತ ನಗ್ತಾರೆ."

"ನಗೋರು ನಗ್ಲಿ ಕಣಪ್ಪ. ಅದು ನನ್ ಮಗಳ ಮೊಳೆ."

ಇನ್ನಾಸಪ್ಪನಿಗೆ ರೇಗಿತು. ಈ ಊರಿಗೆ ಬಂದಾಗಿನಿಂದ ಅವನಿಗೆ ರೇಗದ ದಿನವೇ ಇರಲಿಲ್ಲ. ಅವನಪ್ಪ, ಅಜ್ಜ ಇಬ್ಬರೂ ಬೆಂಗಳೂರಿನ ಚರ್ಚುಗಳಿಗೆ ಮರದಲ್ಲಿ ಸಂತರನ್ನು ಕೆತ್ತಿದವರು. ಇವನ ಕಾಲಕ್ಕೆ ಅಚ್ಚಿನಲ್ಲಿ ಎರೆದ ಪ್ಲಾಸ್ಟರ್ ಮೂರ್ತಿಗಳು ಬಂದವು. ಕೆನ್ನೆಗೆಲ್ಲ ಗುಲಾಬಿ ಬಣ್ಣ, ಎಲ್ಲ ಸಂತರಿಗೂ ಒಂದೇ ಮುಖ. ಅವನ ಉಳಿಗಳು ಬಾಗಿಲ ಚೌಕಟ್ಟಿಗೆ ಹೂಬಳ್ಳಿ ಬಿಡಿಸುವ ಕೆಲಸಕ್ಕೆ ಇಳಿದವು. ಹಾಗಿರುವಾಗ, ಎಪ್ಪತ್ತೆಂಟನೇ ಇಸವಿಯಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲಕ್ಕೆ ಸ್ವಲ್ಪ ಮೊದಲು, ಕಿಬ್ಬನಹಳ್ಳಿಯ ಬಳಿ ಎದ್ದ ಹೊಸ ಚರ್ಚಿನ ಪಾದ್ರಿಗಳು ಹೇಳಿಕಳುಹಿಸಿದರು. ಶಿಲುಬೆಯ ಮೇಲಿನ ಯೇಸು, ಆಳೆತ್ತರ, ಮರದ್ದೇ ಆಗಬೇಕು. ಶುಭ ಶುಕ್ರವಾರಕ್ಕೆ ನಿಲ್ಲಬೇಕು. ಅವನ ಜೀವಮಾನಕ್ಕೆ ಅಂಥ ಕೆಲಸ ಬಂದಿರಲಿಲ್ಲ. ಇನ್ನು ಬರುವುದೂ ಇಲ್ಲವೆಂದು ಅವನಿಗೆ ಗೊತ್ತಿತ್ತು.

ಆದರೆ ಮರವೇ ಇರಲಿಲ್ಲ. ತರಿಸಿದ್ದ ಹಲಸಿಗೆ ಹುಳು ಬಿದ್ದಿತ್ತು. ಎರಡನೇ ಸಲ ತರಿಸಿದ್ದು ಶಿವರಾತ್ರಿಯ ಬಿಸಿಲಿಗೆ ಉದ್ದುದ್ದ ಸೀಳಿತು. ಸುತ್ತ ಕಣ್ಣು ಹಾಯುವವರೆಗೂ ತೆಂಗು. ತೆಂಗು ತೊಲೆಗಾಗುತ್ತದೆ, ಮುಖಕ್ಕಾಗುವುದಿಲ್ಲ. ಉಳಿ ಇಟ್ಟರೆ ನಾರು ಕಿತ್ತು ಬರುತ್ತದೆ. ಕೊನೆಗೆ ತೋಟದಂಚಿನಲ್ಲಿ ಅವನ ಕಣ್ಣಿಗೆ ಬಿದ್ದದ್ದು ಎಂದೋ ಗಾಳಿಗೆ ಉರುಳಿ ಒಣಗಿದ್ದ ಆ ಬೇವು. ಅದರ ಮೈತುಂಬ ಮೊಳೆಗಳಿದ್ದವು. ಊರಲ್ಲಿ ಯಾರ ಮೇಲೆ ಮಾಟ ಬಿದ್ದರೂ ಮಂತ್ರವಾದಿ ಅದನ್ನು ಮೈಯಿಂದ ಮೊಳೆಗೆ ಇಳಿಸಿ, ಮೊಳೆಯನ್ನು ಈ ಮರಕ್ಕೆ ಹೊಡೆಯುತ್ತಿದ್ದನಂತೆ. ಅಟ್ಟದಮನೆಯ ಕೆಳಗೆ ಇನ್ನಾಸಪ್ಪನಿಗೆ ಕೆಲಸಕ್ಕೆ ಜಾಗ ಕೊಟ್ಟಿದ್ದ ತೋಟದ ಯಜಮಾನ ಮಲ್ಲಿಕಾರ್ಜುನಯ್ಯ, "ತಗೊಳ್ಳಿ ಅನ್ನಲ್ಲ, ಬೇಡ ಅನ್ನಲ್ಲ. ನಮ್ಮಾಳುಗಳು ಮಾತ್ರ ಮುಟ್ಟಲ್ಲ ಕಣ್ರೀ," ಎಂದು ಮುಖ ತಿರುಗಿಸಿದ್ದರು. ಇನ್ನಾಸಪ್ಪ ಒಬ್ಬನೇ ಕೊಯ್ದ, ಒಬ್ಬನೇ ಎಳೆದು ತಂದ. ಒಂದೊಂದೇ ಮೊಳೆ ಕಿತ್ತು ಡಬ್ಬಿಗೆ ಎಸೆದ.

"ಅಷ್ಟೂ ಕಿತ್ತೆನಲ್ಲಮ್ಮ. ಏನಾಯ್ತು? ನನಗೆ ಕೊಂಬು ಬಂತಾ?"

"ಆ ಮೊಳೆಗಳೋರೆಲ್ಲ ಸತ್ತು ಮಣ್ಣಾದ್ರು. ಕಟ್ಟಿದ್ದೂ ಅವ್ರ ಜೊತೆಗೇ ಹೋಯ್ತು. ನನ್ ಮಗ್ಳು ಕೊಲ್ಲಾಪುರಮ್ಮ ಇನ್ನೂ ಬದುಕವ್ಳೆ." ಗಂಗಕ್ಕನ ದನಿ ಇಳಿಯಿತು. "ಸಣ್ಣೋಳಿದ್ದಾಗ ತಿಪ್ಪೇಲಿ ಒಂದು ಗೊಂಬೆ ಸಿಕ್ತು. ಯಾರೋ ಮಾಟ ಮಾಡಿ ಬಿಸಾಕಿದ್ದು. ಅದರ ಎಡಗೈಗೆ ಮುಳ್ಳು ಚುಚ್ಚಿತ್ತು. ಎತ್ಕೊಂಡ್ಳು. ಸಾಯಂಕಾಲಕ್ಕೆ ಇವಳ ಎಡಗೈ ಮೊಗ್ಗಿನಂಗೆ ಮುಚ್ಕೊಂಡ್ಬುಡ್ತು. ಹುಳಿಯಾರು ಕಡೆ ಮಂತ್ರವಾದಿ ಬಂದು ಮಾಟಾನ ಆ ಮೊಳೇಲಿ ಕಟ್ಟಿದ್ಮೇಲೇ ಬಿಟ್ಕೊಂಡಿದ್ದು. ಕಿತ್ತ ಮೊಳೆಗೆ ಜಾಗ ಬೇಕು, ಇಲ್ದಿದ್ರೆ ಅದು ಹಳೇ ಮನೆಗೇ ಬತ್ತದೆ ಅಂತ ಹೇಳಿ ಹೋಗವ್ನೆ."

ಅವಳು ಮರದ ತೋಳನ್ನೇ ನೋಡುತ್ತಿದ್ದಳು.

"ಆ ಗೊಂಬೆನೂ ಹಿಂಗೇ ಇತ್ತು ಕಣಪ್ಪ. ಮರದ್ದು."

ಆ ಮಾತು ಅವನನ್ನು ಚುಚ್ಚಿತು. "ಗೊಂಬೆ ಅಂತೀಯಾ ಇದನ್ನ? ಲೋಕದ ಪಾಪವನ್ನೇ ಹೊತ್ತ ಸ್ವಾಮಿ ಕಣಮ್ಮ. ನಿನ್ನ ಹುಳಿಯಾರಿನ ಮೊಳೆಗೆ ಹೆದರ್ತಾನಾ?" ಎನ್ನುತ್ತಲೇ ಇಕ್ಕಳ ಎತ್ತಿಕೊಂಡ. ಮೊಳೆಯ ತಲೆ ಕಚ್ಚಿ, ಕಾಲು ಕೊಟ್ಟು ಎಳೆದ. ಮೊಳೆ ಎಳೆಗೂಸಿನ ಹಾಗೆ ಕಿರುಗುಟ್ಟಿ ಹೊರಬಂತು.

ಗಂಗಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೋದಳು. ಒಂದು ಮಾತು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಮಣಿಕಟ್ಟು ಇನ್ನೂ ಸಣ್ಣದಾಗಬೇಕಿತ್ತು. ಕೆತ್ತುತ್ತ ಹೋದಂತೆ ತೂತಿದ್ದ ಮರವೆಲ್ಲ ಚಕ್ಕೆಯಾಗಿ ಉದುರಿತು. ಆ ಚಕ್ಕೆಯನ್ನೇ ಒಲೆಗೆ ಹಾಕಿ ಅಂಟು ಕಾಯಿಸಿದ. ಹೊಗೆ ಕಹಿಯಾಗಿತ್ತು. ಗಂಟಲಿಗೆ ಇಳಿಯಿತು. ನೀರು ಕುಡಿದ, ನೀರೂ ಕಹಿ. ರೊಟ್ಟಿ ಮುರಿದು ಬಾಯಿಗಿಟ್ಟ, ಅದೂ ಕಹಿ.

ಆಗ ಮೇಲೆ ಅಟ್ಟದಲ್ಲಿ ಒಂದು ಸದ್ದಾಯಿತು. ಲೊಟಕ್.

ಅಟ್ಟದ ತುಂಬ ಕಾಯಿ. ವರ್ಷವಿಡೀ ಅಲ್ಲೇ ಕೂತು, ಒಳಗಿನ ನೀರಾರಿ, ಕೊಬ್ಬರಿ ಚಿಪ್ಪು ಬಿಟ್ಟು, ಉಂಡೆಯಾಗಿಯೇ ಒಣಗಿ ಗಿಟುಕಾಗುತ್ತದೆ. ಕಾಯಿಯನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಒಳಗೆ ಲೊಟಲೊಟ ಎನ್ನುತ್ತದೆ. ಅಲುಗಿಸಿದರೆ ಮಾತ್ರ. ಇನ್ನಾಸಪ್ಪ ಏಣಿ ಹತ್ತಿ ನೋಡಿದ. ಕಾಯಿಗಳ ಮೇಲಿನ ಧೂಳು ಕದಲಿರಲಿಲ್ಲ. ಇಲಿಯ ಹೆಜ್ಜೆಯೂ ಇಲ್ಲ. ಇಳಿದು ಕೊಡತಿ ಹಿಡಿದು ಉಳಿಗೆ ಏಟು ಹಾಕಿದ. ಮೇಲಿನಿಂದ ಒಂದು ಏಟು. ಎರಡು ಹಾಕಿದ. ಎರಡು. ಕೈ ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು, ಉಸಿರು ಹಿಡಿದು ಕಾಯುವವರ ಹಾಗೆ.

ಬೆಳಗ್ಗೆ ನೋಡಿದರೆ ಮರದ ಬೆರಳುಗಳು ತುಸು ಒಳಕ್ಕೆ ಬಾಗಿದ್ದವು. ಸೆಕೆಗೆ ಮರ ಬಾಗುವುದುಂಟು ಎಂದುಕೊಂಡು ಮತ್ತೆ ಕೆತ್ತಿ ನೆಟ್ಟಗೆ ಮಾಡಿದ. ಮರುದಿನ ಇನ್ನಷ್ಟು ಬಾಗಿದ್ದವು. ಮತ್ತೆ ಕೆತ್ತಿದ. ಬೆರಳುಗಳು ಸಣ್ಣಗಾಗುತ್ತ ಬಂದವು. ಶುಕ್ರವಾರ ಹತ್ತಿರ ಬರುತ್ತಿತ್ತು. ಮುಖ ಮುಗಿದಿತ್ತು, ಪಕ್ಕೆ ಮುಗಿದಿತ್ತು, ಬಲಗೈ ಮುಗಿದಿತ್ತು. ಈ ಒಂದು ಕೈ! ಅವನು ಉಳಿಯನ್ನು ಗೋಡೆಗೆ ಎಸೆದು, ಮಾಡಿದ ಮೂರ್ತಿಯೆದುರಿಗೇ ಕೆಟ್ಟ ಬೈಗುಳ ಬೈದ. ಮೇಲಿನಿಂದ ಲೊಟಕ್ ಎಂದು ಉತ್ತರ ಬಂತು.

ಮಟಮಟ ಮಧ್ಯಾಹ್ನ ಗಂಗಕ್ಕ ಬಂದಳು. ಈ ಸಲ ಹೊಸಿಲು ದಾಟಿದಳು. ಅವಳ ಹಿಂದೆ ಮಗಳು ಕೊಲ್ಲಾಪುರಮ್ಮ, ತೆಂಗಿನ ಗರಿ ಹೆಣೆದು ಬದುಕುವ ಹುಡುಗಿ. ಎಡಗೈ ಮುಷ್ಟಿಯಾಗಿತ್ತು. ಉಗುರುಗಳು ಅಂಗೈಯೊಳಗೆ ಇಳಿದಿದ್ದವು. ಬೆರಳುಗಳ ಸಂದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ನೋಡು," ಎಂದಳು ಗಂಗಕ್ಕ.

ಇನ್ನಾಸಪ್ಪ ಹುಡುಗಿಯ ಕೈ ನೋಡಿದ. ಮೊಣಕಾಲ ಮೇಲಿದ್ದ ಮರದ ಕೈ ನೋಡಿದ. ಎರಡೂ ಒಂದೇ ಥರ ಮುಚ್ಚಿಕೊಂಡಿದ್ದವು.

"ವಾಪಸ್ ಹೊಡೀತೀನಿ," ಎಂದ. ಅವನ ದನಿ ಅವನಿಗೇ ಪರಕೀಯವಾಗಿ ಕೇಳಿಸಿತು. ಡಬ್ಬಿ ಬೋರಲು ಹಾಕಿದ. ಅಷ್ಟು ಮೊಳೆಗಳಲ್ಲಿ ಅದೊಂದೇ ಒದ್ದೆಯಾಗಿತ್ತು.

"ಎಲ್ಲಿಗೆ ಹೊಡೀತೀಯಪ್ಪ? ಆ ತೂತೆಲ್ಲೈತೆ?"

ತೂತು ಬೂದಿಯಾಗಿತ್ತು. ಅವನು ಮೊಳೆಯನ್ನು ದಿಮ್ಮಿಯ ಉಳಿಕೆಗೆ ಇಟ್ಟು ಸುತ್ತಿಗೆಯಲ್ಲಿ ಹೊಡೆದ. ಬಂಡೆಗೆ ಹೊಡೆದಂತಾಯಿತು. ಮೊಳೆ ಚಿಮ್ಮಿ ಬಿತ್ತು. ಕಂಬಕ್ಕೆ ಹೊಡೆದ. ಚಿಮ್ಮಿತು. ಹೊರಗೆ ಗಾಳಿಯಿರಲಿಲ್ಲ, ಆದರೂ ಬಾಗಿಲು ದಢಾರನೆ ಮುಚ್ಚಿಕೊಂಡಿತು. ಕತ್ತಲು. ಕಮಟು ಕೊಬ್ಬರಿಯ ವಾಸನೆ. ಕಹಿ ಹೊಗೆಯ ವಾಸನೆ. ಮೇಲೆ ಒಂದು ಕಾಯಿ ಲೊಟಕ್ ಎಂದಿತು. ಆಮೇಲೆ ಹತ್ತು. ಆಮೇಲೆ ಅಟ್ಟಕ್ಕೆ ಅಟ್ಟವೇ. ಸಾವಿರ ಚಿಪ್ಪುಗಳ ಒಳಗಿಂದ ಸಾವಿರ ಮುಷ್ಟಿಗಳು ಬಡಿಯುತ್ತಿದ್ದವು.

"ಅವ್ವಾ!" ಹುಡುಗಿ ಚೀರಿದಳು. ಎಲುಬು ಮುರಿದ ಸದ್ದು. ಒಂದು ಬೆರಳು. ಇನ್ನೊಂದು.

ಇನ್ನಾಸಪ್ಪ ತಡಕಾಡಿದ. ಮೊಳೆ ಸಿಕ್ಕಿತು. ಬಿಸಿಯಾಗಿತ್ತು. ಮರದ ಮಣಿಕಟ್ಟು ಸಿಕ್ಕಿತು. ಎಡಗೈಯಲ್ಲಿ ಮೊಳೆ ನಿಲ್ಲಿಸಿದ. ಸುತ್ತಿಗೆ ಎತ್ತಿದ. ಮೊಳೆ ಬೆರಳುಗಳ ನಡುವೆ ಹುಳುವಿನಂತೆ ಹೊರಳಿತು. ತಲೆ ಕೆಳಗಾಯಿತು. ಮೊನೆ ಮೇಲಾಯಿತು. ಅವನ ಅಂಗೈಗೆ ಒತ್ತಿತು. ಹುಡುಕುತ್ತಿತ್ತು. ಜಾಗ ಹುಡುಕುತ್ತಿತ್ತು. ಅವನಿಗೆ ಗೊತ್ತಾಯಿತು. ಸುತ್ತಿಗೆ ಇನ್ನೂ ಗಾಳಿಯಲ್ಲೇ ಇತ್ತು. ಉಳಿ ನಡೆಸುವ ಎಡಗೈ ಅದು. ಅಜ್ಜ ತಿದ್ದಿದ ಕೈ. ಎಳೆದುಕೊಳ್ಳಬಹುದಿತ್ತು. ಹುಡುಗಿ ಮತ್ತೆ ಚೀರಿದಳು.

ಅವನು ಕೈ ಎಳೆದುಕೊಳ್ಳಲಿಲ್ಲ. ಅದರ ಬೆನ್ನ ಮೇಲೇ ಹೊಡೆದ.

ಎಲ್ಲ ನಿಂತಿತು. ಒಂದು ಚಿಪ್ಪೂ ಮಿಸುಕಲಿಲ್ಲ. ಕತ್ತಲಲ್ಲಿ ಗಂಗಕ್ಕನ ಬಿಕ್ಕು, ಆಮೇಲೆ ಹುಡುಗಿಯ ಮಾತು: "ಅವ್ವ, ಕೈ ಬಿಟ್ಕಂತು ಕಣವ್ವ."

ಮರುದಿನ ತಿಪಟೂರಿನ ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರು ಅವನ ಕೈಯನ್ನು ಬೆಳಕಿಗೆ ಹಿಡಿದು ನೋಡಿದ. ಮೊಳೆಯ ಸುತ್ತ ರಕ್ತವಿರಲಿಲ್ಲ. ಚರ್ಮ ಆಗಲೇ ಕಪ್ಪಾಗಿ, ತೊಗಟೆಯಂತೆ, ಮೊಳೆಯ ತಲೆಯನ್ನು ಅಪ್ಪಿಕೊಂಡಿತ್ತು. ಮರದ್ದು ಶುಕ್ರವಾರಕ್ಕೆ ಮುಗಿಯದೆಂದು ಚರ್ಚಿಗೆ ತುಮಕೂರಿನಿಂದ ಪ್ಲಾಸ್ಟರಿನ ಯೇಸು ಬಂದಿದ್ದಾನೆಂದು ಬಸ್ಸಿನಲ್ಲೇ ಯಾರೋ ಹೇಳಿದ್ದರು. ಕೆನ್ನೆಗೆ ಗುಲಾಬಿ ಬಣ್ಣವಂತೆ.

"ಏನ್ರೀ, ಮರ ಅಂದ್ಕೊಂಡು ನಿಮ್ಮ ಕೈಗೇ ಹೊಡ್ಕೊಂಡ್ರಾ?" ಡಾಕ್ಟರು ನಕ್ಕ. ಇನ್ನಾಸಪ್ಪನಿಗೆ ಆ ನಗು ಪರಿಚಯದ್ದು. "ಒಂದು ಕ್ಷಣದ ಕೆಲಸ. ಕಿತ್ತು ಬಿಸಾಕ್ತೀನಿ."

ಬಾಗಿಲಾಚೆ ಬೆಂಚಿನ ಮೇಲೆ ಕೊಲ್ಲಾಪುರಮ್ಮ ತಾಯಿಯ ಬೆನ್ನ ಹಿಂದೆ ಕೂತು, ಬಸ್ಸಿನ ಗಾಳಿಗೆ ಬಿಚ್ಚಿಹೋಗಿದ್ದ ಅವಳ ತುರುಬು ಕಟ್ಟುತ್ತಿದ್ದಳು. ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಆದರೂ ಎರಡೂ ಕೈಯಲ್ಲಿ ಕಟ್ಟುತ್ತಿದ್ದಳು.

"ಅದೊಂದ ಬಿಡಿ ಡಾಕ್ಟ್ರೇ," ಎಂದ ಇನ್ನಾಸಪ್ಪ. "ಅಲ್ಲೇ ಇರ್ಲಿ."

"ನಂಜಾಗಿ ಸಾಯ್ತೀರಾ? ಕೈ ಕೊಡ್ರೀ."

ಇಕ್ಕಳ ಹತ್ತಿರ ಬಂತು. ಅವನು ಬೆರಳು ಮಡಚಿ ಮುಷ್ಟಿ ಕಟ್ಟಿಕೊಂಡ. ಡಾಕ್ಟರು ಏನೋ ಗೊಣಗಿ, ಇಕ್ಕಳವನ್ನು ತಟ್ಟೆಗೆ ಎಸೆದು ಹೊರಟುಹೋದ.

ಇನ್ನಾಸಪ್ಪ ಉಸಿರು ಬಿಟ್ಟ. ಬೆರಳು ಬಿಡಿಸಲು ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಬಲಗೈಯಿಂದ, ಒಂದೊಂದೇ ಬೆರಳು ಹಿಡಿದು ಎಳೆದು ನೋಡಿದ.