ಪಿಯಾನೋಗೊಂದು ಆಯುಧಪೂಜೆ

ಜೀಪಿನ ಕನ್ನಡಿಯಲ್ಲಿ ಟಿಪ್ಪರ್ ಕಾಣಿಸಿತು.

ಮುಂದೆ ಚೆಂಡುಹೂವಿನ ಹಾರ. ಎರಡೂ ಕಡೆ ಬಾಳೆಕಂದು. ಗಾಜಿನ ಮೇಲೆ ಕುಂಕುಮ. ನಿನ್ನೆ ತಾನೇ ಪೂಜೆ ಮಾಡಿಸಿಕೊಂಡ ಗಾಡಿ... ಇವತ್ತು ನಮ್ಮನ್ನು ಅರೆಯಲು ಬರುತ್ತಿತ್ತು!

ತೋರಣಗಲ್ಲು ದಾಟಿ ಸಂಡೂರಿನ ರಸ್ತೆಯಲ್ಲಿದ್ದೆವು. ಪಕ್ಕದ ಸೀಟಿನಲ್ಲಿ ಮಧ್ವೇಶರಾಯರು. ಅರವತ್ತು ದಾಟಿದ ಮನುಷ್ಯ. ಎರಡೂ ಕೈ ಕಂಕುಳಲ್ಲಿ ಬಚ್ಚಿಟ್ಟುಕೊಂಡಿದ್ದರು.

"ರಾಯರ, ಕೈ ತಗೀರಿ! ಎದುರಿನ ರಾಡ್ ಹಿಡ್ಕೊಳ್ರಿ!"

"ಬ್ಯಾಡಪ್ಪ. ತಲಿ ಒಡದ್ರ ಹೊಲಿಗಿ ಹಾಕ್ತಾರ. ಬೆರಳು ಹೋದ್ರ ನಾ ಏನ್ ಮಾಡ್ಲಿ?"

ಧಡ್! ಹಿಂದಿನಿಂದ ಗುದ್ದಿತು.

ನೀವು ಟೀ ಕುಡೀರಿ, ಮೊದಲಿಂದ ಹೇಳ್ತೀನಿ. ಎರಡು ಸಾವಿರದ ಏಳರ ದಸರಾ.

ನಾನು ಮರಿಸ್ವಾಮಿ, ಹೊಸಪೇಟೆಯವನು. ಓಡಿಹೋದವರನ್ನು ಹಿಡಿದು ತರುವುದು ನನ್ನ ಕಸುಬು. ಡ್ರೈವರ್, ಪಾರ್ಟ್‌ನರ್, ಅಳಿಯ... ಯಾರಾದರೂ ಸರಿ! ಅಂದು ಬೆಳಿಗ್ಗೆ ಸಂಡೂರಿನ ಗಣಿ ಸಾಹುಕಾರ ಉಚ್ಚೆಂಗಪ್ಪ ಫೋನ್ ಮಾಡಿದ.

"ಮರಿ, ನಮ್ಮ ಪಿಯಾನೋದವ ಓಡಿಹೋಗ್ಯಾನ. ಕಂಪ್ಲಿಯಾಗ ಅಕ್ಕನ ಮನಿ ಐತಿ, ಅಲ್ಲೇ ಇರ್ತಾನ. ಇವತ್ತ ಹಿಡ್ಕೊಂಡು ಬಾ. ಹತ್ತೂ ಬೆರಳು ಜೋಪಾನ."

"ಬಾರಿಸಬೇಕಲ್ರಿ, ಗೊತ್ತಾತು."

"ಬಾರಿಸಾಕಲ್ಲ. ನಾನ ಮುರೀಬೇಕು."

ಅದಿರು ಮಾರಿದವರಿಗೆ ದುಡ್ಡು ಎಲ್ಲಿಡಬೇಕೋ ತಿಳಿಯದ ಕಾಲ. ಕೆಲವರು ಹೆಲಿಕಾಪ್ಟರ್ ಕೊಂಡರು. ನಮ್ಮ ಸಾಹುಕಾರ ಮುಂಬೈಯಿಂದ ಪಿಯಾನೋ ತರಿಸಿ ಗೆಸ್ಟ್‌ಹೌಸಿನಲ್ಲಿ ಇಟ್ಟ. ನುಡಿಸಲು ರಾಯರನ್ನು ಇಟ್ಟುಕೊಂಡ. ಅದಿರು ಕೊಳ್ಳುವ ಚೀನಾದವರು ವಿಜಯದಶಮಿ ಸಂಜೆ ಬರುವವರಿದ್ದರು. ಹಿಂದಿನ ದಿನ, ಆಯುಧಪೂಜೆಯ ಮಧ್ಯಾಹ್ನ, ರಾಯರು ಊಟ ಮಾಡಿ ಮಲಗಿ ಏಳುವಷ್ಟರಲ್ಲಿ ಪಿಯಾನೋದ ಹೊಟ್ಟೆ ತುಂಬ ನೀರು! ಕುಡಿದ ಅಮಲಿನಲ್ಲಿ ರಾಯರೇ ಸುರಿದರು ಎಂದು ಟಿಪ್ಪರ್ ಯಾರ್ಡಿನ ಮೇಸ್ತ್ರಿ ಎರ್ರಿಯಪ್ಪ ಚಾಡಿ ಹೇಳಿದ. ರಾಯರು ಹೆದರಿ ಬಸ್ ಹತ್ತಿದರು.

ಕಂಪ್ಲಿಯಲ್ಲಿ ಅವರ ಅಕ್ಕ ಗಂಗಾಬಾಯಿ ಬಾಗಿಲಿಗೆ ಅಡ್ಡ ನಿಂತರು.

"ಅವನ ಕೈಗೆ ಏನರ ಆದ್ರ ನಿನ್ನ ಮನಿ ಮುಂದ ಬಂದು ಕುಂದರ್ತೀನಿ. ಏಳಂಗಿಲ್ಲ ನೋಡು!"

ನಾನು ರೌಡಿಗಳಿಗೆ ಹೆದರಿದವನಲ್ಲ. ಆ ಮುದುಕಿಗೆ ಹೆದರಿದೆ.

ದಾರಿಯಲ್ಲಿ ಕೇಳಿದೆ.

"ಕುಡಿದಿದ್ರೇನ್ರೀ?"

"ಮೂವತ್ತು ವರ್ಷ ಬಾರಿನ್ಯಾಗ ಕುಂತು ಬಾರಿಸೀನಿ. ಒಂದ್ ಹನಿ ಮುಟ್ಟಿಲ್ಲ. ವಾಸನಿನೇ ಸಾಕಾಗಿತ್ತು."

ಹೊಸಪೇಟೆಯ ಭಜನೆಯಲ್ಲಿ ಹಾರ್ಮೋನಿಯಂ ಹಿಡಿದ ಕೈ ಅದು. ಕ್ಲರ್ಕ್ ಕೆಲಸಕ್ಕೆಂದು ಮುಂಬೈಗೆ ಹೋದವರು ಹೋಟೆಲೊಂದರಲ್ಲಿ ಜಾಝ್ ಕೇಳಿದರು. ಕೆಲಸ ಬಿಟ್ಟರು! ಗೋವಾದ ಮುದುಕನೊಬ್ಬ ಪಿಯಾನೋ ಕಲಿಸಿದ. ಆಮೇಲೆ ದೊಡ್ಡ ಹೋಟೆಲು, ಹಡಗು, ಸಿಂಗಾಪುರ... ಪೋಸ್ಟರಿನಲ್ಲಿ ಫೋಟೋ ಬರುತ್ತಿತ್ತಂತೆ. ಕೊನೆಗೆ ಹೋಟೆಲಿನವರು ಸಿಡಿ ಹಾಕಿಕೊಂಡು ಬ್ಯಾಂಡಿನವರನ್ನು ಮನೆಗೆ ಕಳಿಸಿದರು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಉಳಿದದ್ದು ಹತ್ತು ಬೆರಳು. ಅವನ್ನೇ ಮುರಿಸಲು ನಾನು ಒಯ್ಯುತ್ತಿದ್ದೆ. ನನಗೇ ಕಸಿವಿಸಿ.

"ಈ ಜಾಝ್ ಅಂದ್ರ ಏನ್ರೀ?"

"ತಪ್ಪು ಬಿತ್ತಂತ ನಿಂದರಬಾರದು. ಆ ತಪ್ಪಿನ ಕೈ ಹಿಡ್ಕೊಂಡ ಮುಂದ ಹೋಗಬೇಕು."

ಆಗಲೇ ಆ ಟಿಪ್ಪರ್!

ಎರಡನೇ ಗುದ್ದಿಗೆ ಸ್ಟಿಯರಿಂಗ್ ಕೈತಪ್ಪಿತು. ಜೀಪು ರಸ್ತೆ ಬಿಟ್ಟು ಇಳಿಯಿತು.

ಬ್ರೇಕ್ ಒತ್ತಲಿಲ್ಲ. ತಪ್ಪಿನ ಕೈ ಹಿಡಿದೇ ಹೋದೆ... ಜಾಲಿಕಂಟಿ, ಬಂಡೆ, ಕೆಂಪು ನೀರಿನ ಹಳ್ಳ! ಟಿಪ್ಪರ್ ದಂಡೆಯಲ್ಲೇ ಕಚ್ಚಿಕೊಂಡು ನಿಂತಿತು. ಕಿಟಕಿಯಲ್ಲಿ ಎರ್ರಿಯಪ್ಪನ ಮುಖ.

ಆಚೆ ದಡ ಹತ್ತಿ ನಿಲ್ಲಿಸಿದೆ. ರಾಯರ ಬಿಳಿ ಅಂಗಿಯೆಲ್ಲ ಕೆಂಪು.

"ಅದೂ ಹಿಂಗ ಆಗಿತ್ತು," ಎಂದರು ಮೆಲ್ಲಗೆ.

"ಯಾವುದ್ರಿ?"

"ಪಿಯಾನೋದ ಒಳಗ ಬಿಳಿ ಉಣ್ಣಿ ಸುತ್ತಿದ ಸುತ್ತಿಗಿ ಇರ್ತಾವ. ಎಲ್ಲಾ ಕೆಂಪಾಗಿದ್ವು. ಕುಂಕುಮ ಇರಬೇಕು ಅಂದ್ಕೊಂಡೆ."

ಕುಂಕುಮ ಅಲ್ಲ! ಗೆಸ್ಟ್‌ಹೌಸಿನ ನಲ್ಲಿಯಲ್ಲಿ ಬರುವುದು ತಿಳಿನೀರು. ಕೆಂಪು ನೀರು ಇರುವುದು ಟಿಪ್ಪರ್ ತೊಳೆಯುವ ಹೊಂಡದಲ್ಲಿ. ಆ ಪೈಪು ಎರ್ರಿಯಪ್ಪನ ಕೈಯಲ್ಲಿ. ರಾಯರು ಸಾಹುಕಾರನ ಮುಂದೆ ಬಾಯಿ ಬಿಟ್ಟರೆ ಅವನ ಕತೆ ಮುಗಿಯಿತು. ಅದಕ್ಕೇ ಟಿಪ್ಪರ್ ಹಿಂದೆ ಬಿಟ್ಟಿದ್ದ.

ಸಂಡೂರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಗೆಸ್ಟ್‌ಹೌಸಿನ ಬಾಗಿಲಲ್ಲಿ ಒಡೆದ ಕುಂಬಳಕಾಯಿ. ಒಳಗೆ ಸಾಹುಕಾರ. ಪಿಯಾನೋದೊಳಗೆ ಕರ್ಚೀಫ್ ತೂರಿಸಿ ಒರೆಸಿ ಅವನ ಕೈಗೆ ಕೊಟ್ಟೆ.

ಸಾಹುಕಾರ ಬೆರಳಲ್ಲಿ ತಿಕ್ಕಿ ನೋಡಿದ. ಮುಖ ಗಂಟಾಯಿತು.

"ಇದು ನಂದ ಗಣಿ ಮಣ್ಣು!"

ಅಷ್ಟರಲ್ಲಿ ಟಿಪ್ಪರ್ ತಿರುಗಿಸಿಕೊಂಡು ಬಂದ ಎರ್ರಿಯಪ್ಪ ಒಳಗೆ ಓಡಿ ಬಂದ. ಕರ್ಚೀಫ್ ನೋಡಿದವನೇ ಕಾಲಿಗೆ ಬಿದ್ದ.

"ತಪ್ಪಾತ್ರಿ ಸಾಹುಕಾರ್ರ! ಟಿಪ್ಪರ್ ತೊಳದ್ವಿ, ಜೆಸಿಬಿ ತೊಳದ್ವಿ... ಇದೊಂದ್ ಬಿಡಬಾರದು ಅಂತ ಇದಕ್ಕೂ ಪೈಪ್ ಹಿಡದ್ವಿ. ತೊಳೀದ ಕುಂಕುಮ ಹೆಂಗ್ ಇಡೋದ್ರೀ?"

ಪಿಯಾನೋವನ್ನು ಭಕ್ತಿಯಿಂದ ಕೊಂದಿದ್ದ!

"ಇವನ ಕೈ ಇಡ್ರಲೇ ಅದರಾಗ!" ಸಾಹುಕಾರ ಗುಡುಗಿದ.

ಇಬ್ಬರು ಆಳುಗಳು ಅವನನ್ನು ಮೊಣಕಾಲೂರಿಸಿ, ಕೈಗಳನ್ನು ಕೀಗಳ ಮೇಲೆ ಒತ್ತಿ ಹಿಡಿದರು. ಮೇಲೆ ದಪ್ಪನೆಯ ಕರಿ ಮುಚ್ಚಳ.

"ರಾಯರ, ನೀವ ಮುಚ್ರಿ. ಜೋರಾಗಿ!"

ರಾಯರು ಕಂಕುಳಿನಿಂದ ಕೈ ತೆಗೆದರು. ಸ್ಟೂಲ್ ಎಳೆದುಕೊಂಡು ಕೂತರು. ಎರ್ರಿಯಪ್ಪನ ಕೈಗಳ ಪಕ್ಕದಲ್ಲೇ ತಮ್ಮ ಕೈ ಇಟ್ಟರು.

"ಮುಚ್ಚೋದಾದ್ರ ನಾಲ್ಕೂ ಕೈ ಮ್ಯಾಲ ಮುಚ್ರಿ, ಸಾಹುಕಾರ್ರ."

ಸಾಹುಕಾರ ಮುಚ್ಚಳ ಹಿಡಿದ.

ಹೊರಗೆ ಹಾರ್ನ್!

ಚೀನಾದವರು. ಆಳುಗಳು ಕೈಬಿಟ್ಟು ಹಿಂದೆ ಸರಿದರು. ಸಾಹುಕಾರನೂ ಮುಚ್ಚಳ ಬಿಟ್ಟ. ಎರ್ರಿಯಪ್ಪ ಮಾತ್ರ ಭಯಕ್ಕೆ ಕೈ ಎತ್ತಲೇ ಇಲ್ಲ.

ರಾಯರು ನುಡಿಸತೊಡಗಿದರು. ಅರ್ಧ ಕೀ ಸತ್ತಿದ್ದವು. ಸತ್ತಲ್ಲಿ ಟಕ್ ಟಕ್ ಎಂದು ಬರೀ ಮರ ಕುಟ್ಟಿದರು. ಬದುಕಿದ್ದಲ್ಲಿ ಹಾಡಿಸಿದರು. ಎರ್ರಿಯಪ್ಪನ ಬೆರಳುಗಳ ಸುತ್ತ ಬಳಸಿಕೊಂಡೇ ಆಚೆ ಈಚೆ ಓಡಾಡಿದರು. ಕುಂಟುತ್ತ, ಎಡವುತ್ತ, ಮತ್ತೆ ಎದ್ದು... ನನಗೆ ಸಂಗೀತ ಗೊತ್ತಿಲ್ಲ ಕಣ್ರೀ. ಆದ್ರೂ ಅಲ್ಲೇ ನೆಲದ ಮೇಲೆ ಕೂತು ಕೇಳಿದೆ!

ಚೀನಾದವರು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಅಳುತ್ತಿದ್ದವನು ಯಾರೆಂದು ಕೇಳಿದರು.

ಸಾಹುಕಾರ ಹಲ್ಲು ಕಿರಿದ.

"ಅವನೂ ಆರ್ಟಿಸ್ಟ್ ರೀ!"

ಅತಿಥಿಗಳು ಊಟಕ್ಕೆ ಎದ್ದರು. ಸಾಹುಕಾರ ನನ್ನ ಕಿವಿಯಲ್ಲಿ ಕೇಳಿದ.

"ನಿನ್ನ ಫೀಸ್ ಏನಲೇ ಮರಿ?"

ನಾಳೆ ಇವನಿಗೆ ಸಿಟ್ಟು ವಾಪಸ್ ಬಂದು ಮತ್ತೆ ಮುಚ್ಚಳಕ್ಕೆ ಕೈ ಹಾಕಿದರೆ?

"ಫೀಸ್ ಬ್ಯಾಡ್ರಿ. ಈ ಮುಚ್ಚಳ ಕೊಡ್ರಿ."

ಸ್ಕ್ರೂ ಬಿಚ್ಚಿದೆ. ಮುಚ್ಚಳ ಜೀಪಿಗೆ ಹಾಕಿದೆ. ಅಕ್ಕನ ಮನೆಗೆ ಬಿಡಲು ರಾಯರನ್ನೂ ಹತ್ತಿಸಿಕೊಂಡೆ.

ಆ ಮುಚ್ಚಳ ಈಗ ಎಲ್ಲಿದೆ ಅಂತೀರಾ? ನೀವು ಕಪ್ ಇಟ್ಟಿರೋದು ಅದರ ಮೇಲೇ... ಕೆಳಗೊಂದು ಪೇಪರ್ ಹಾಕ್ಕೊಳ್ಳಿ, ಕಲೆ ಬೀಳುತ್ತೆ!