ಟೋಪಿ ಕೈಲಿ ಹಿಡಿದು ಬಂದವನು

ಯಾಸ್ನಾ ಮಾಡಿದ ತಪ್ಪು ಇಷ್ಟೇ: ಕೇಳುವವನು ಕೇಳಿ ಮುಗಿಸುವ ಮೊದಲೇ ಹೂಂ ಅಂದುಬಿಟ್ಟಳು.

ಅವಳನ್ನಾದರೂ ಹೇಗೆ ಬೈಯುವುದು? ಭಾನುವಾರ ಮಧ್ಯಾಹ್ನ ಎಲಾದಿಯೊ ಉಣ್ಣೆಯ ಟೋಪಿ ಕೈಲಿ ಹಿಡಿದು, ಬಟ್ಟೆಯಲ್ಲಿ ಸುತ್ತಿದ ಬಿಸಿ ಮಿಲ್ಕಾವೋ ಎದೆಗೊತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಚಿಲೋಯೆ ದ್ವೀಪದಲ್ಲಿ ಆ ಆಲೂಗಡ್ಡೆ ರೊಟ್ಟಿ ಹಿಡಿದು, ಟೋಪಿ ತೆಗೆದು ಬಂದವನು ಏನೋ ಬೇಡಿಕೊಳ್ಳಲು ಬಂದಿದ್ದಾನೆ ಅಂತಲೇ ಅರ್ಥ. ಹೂಂ ಅಂದು ರೊಟ್ಟಿ ಮುರಿದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಂಡವರ ಮನೆಗೆ ಮುಂದೆ ಯಾರೂ ಹೆಗಲು ಕೊಡಲು ಬರುವುದಿಲ್ಲ.

"ಯಾಸ್ನಾ, ನಿನ್ನ ಹತ್ರ ಒಂದು ಬೇಡಿಕೊಳ್ಳೋಕೆ ಬಂದಿದ್ದೀನಿ. ತುಂಬ ದಿನದಿಂದ ಮನಸ್ಸಲ್ಲಿತ್ತು. ನಿನ್ನ ಬಿಟ್ರೆ ಬೇರೆ ಯಾರನ್ನೂ..."

"ಹೂಂ," ಅಂದಳು. ರೊಟ್ಟಿಯನ್ನೂ ಮುರಿದಳು.

"ನಾನಿನ್ನೂ ಹೇಳೇ ಇಲ್ವಲ್ಲೇ!"

"ಹೇಳೋದೇನೂ ಬೇಡ." ಅವಳ ಕಿವಿ ಕೆಂಪಾಗಿತ್ತು.

ಎಲಾದಿಯೊ ಮುಖ ಅರಳಿತು. "ಅಬ್ಬಾ, ಬದುಕಿದೆ! ನನ್ನ ಅವಧಿ ಮುಗೀತು, ಹಾಗಾದ್ರೆ ನಮ್ಮ ಯುವ ಸೇವಾ ಸಂಘಕ್ಕೆ ಇನ್ನು ಮುಂದೆ ಎರಡು ವರ್ಷ ನನ್ನ ಬದಲು ನೀನೇ ಅಧ್ಯಕ್ಷೆ."

ಒಳಗೆ ಹಬ್ಬದ ತಟ್ಟೆಗಳನ್ನು ತೆಗೆದಿಡುತ್ತಿದ್ದ ಅಮ್ಮ ಮಾರುಹಾ ಅವನ್ನು ಮತ್ತೆ ಕಪಾಟಿಗೆ ಸೇರಿಸಿದಳು. ಯಾಸ್ನಾಳ ಬಾಯಲ್ಲಿದ್ದ ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಅವತ್ತಿನಿಂದ ಅವಳ ಬದುಕು ಅವಳದಾಗಿ ಉಳಿಯಲಿಲ್ಲ. ಆ ಊರಲ್ಲಿ ಸೂರು ಹೊದಿಸುವುದಿರಲಿ, ಆಲೂಗಡ್ಡೆ ಅಗೆಯುವುದಿರಲಿ, ಊರಿಗೆ ಊರೇ ಕೂಲಿಯಿಲ್ಲದೆ ಬಂದು ದುಡಿಯುತ್ತದೆ. ಮನೆಯವರು ಹೊಟ್ಟೆ ತುಂಬ ಊಟ ಹಾಕುತ್ತಾರೆ. ಇದಕ್ಕೆ ಮಿಂಗಾ ಅನ್ನುತ್ತಾರೆ. ಜನರನ್ನು ಕರೆಯುವುದು ಸಂಘದ ಕೆಲಸ, ಎಲ್ಲರ ಬೈಗುಳ ತಿನ್ನುವುದು ಅಧ್ಯಕ್ಷರ ಕೆಲಸ. ಯಾಸ್ನಾ ಮೀನಿನ ಕಾರ್ಖಾನೆಯಿಂದ ಬಂದು ಬೂಟು ಬಿಚ್ಚುವಷ್ಟರಲ್ಲಿ ಯಾರೋ ಬಾಗಿಲು ಬಡಿಯುತ್ತಿದ್ದರು. ಬಲೆಗೆ ಬಿದ್ದ ಮೀನಿಗೆ ಒದ್ದಾಡುವ ಸ್ವಾತಂತ್ರ್ಯವಾದರೂ ಇರುತ್ತದೆ. ಇವಳು ನಗುನಗುತ್ತ "ಬನ್ನಿ, ಕೂತ್ಕೊಳ್ಳಿ" ಅನ್ನಬೇಕಿತ್ತು.

"ಊರಿಗೆಲ್ಲ ಜನ ಕರೀತೀಯ. ನಮ್ಮ ಸೋರೋ ಸೂರಿಗೆ ಮಾತ್ರ ಕರೆಯೋ ಹಾಗಿಲ್ಲ," ಅಂತ ಅಮ್ಮ ಪಾತ್ರೆ ಇಡುತ್ತ ಗೊಣಗುತ್ತಿದ್ದಳು. ನಿಜವೇ. ಹಿಂದೊಬ್ಬ ಅಧ್ಯಕ್ಷ ಹುಡುಗರನ್ನು ಕರೆದು ತನ್ನ ಮನೆಗೇ ಮಹಡಿ ಕಟ್ಟಿಸಿಕೊಂಡಿದ್ದ. ಅಲ್ಲಿಂದ ಮುಂದೆ, ಅಧ್ಯಕ್ಷರಾಗಿರುವವರು ಸ್ವಂತ ಮನೆಗೆ ಮಿಂಗಾ ಕರೆಯಬಾರದು ಅಂತ ಕಟ್ಟಳೆಯಾಯಿತು.

ಶರತ್ಕಾಲದಲ್ಲಿ ಒತಿಲಿಯಾ ಅಜ್ಜಿಯ ಮನೆಯ ಸರದಿ ಬಂತು. ಕಡಲು ದಿಬ್ಬವನ್ನು ಕೊರೆಯುತ್ತ ಹಿತ್ತಲವರೆಗೆ ಬಂದಿತ್ತು. ಮರದ ಮನೆಯನ್ನು ಇಡಿಯಾಗಿ ಎತ್ತಿ, ದಿಮ್ಮಿಗಳ ಮೇಲೆ ಕೂರಿಸಿ, ಎತ್ತುಗಳಿಂದಲೂ ಜನರಿಂದಲೂ ಎಳೆಸಿ ಮೇಲಿನ ಬಯಲಿಗೆ ಸಾಗಿಸಬೇಕಿತ್ತು. ಮನೆಯ ಮುಂದೆ ಕೆಸರಲ್ಲಿ ಹಿಮ್ಮುಖವಾಗಿ ನಡೆಯುತ್ತ ಉರುಳುದಿಮ್ಮಿ ಹಾಕುವ ಕೆಲಸ ಯಾರಿಗೂ ಬೇಡದ್ದು. ಯಾಸ್ನಾ ಅದನ್ನು ಎಲಾದಿಯೊಗೇ ಕೊಟ್ಟಳು.

"ಅಪ್ಪಣೆ, ಅಧ್ಯಕ್ಷರೇ," ಅಂದ ಅವನು.

"ಅಧ್ಯಕ್ಷರೇ ಅಂದ್ರೆ ಎತ್ತಿನ ಜೊತೆ ನಿನ್ನೂ ನೊಗಕ್ಕೆ ಕಟ್ತೀನಿ."

"ನೀವು ಕಟ್ಟೋದಾದ್ರೆ ಸರಿ ಬಿಡಿ."

ಸುತ್ತಲಿದ್ದವರು ನಕ್ಕರು. ಯಾಸ್ನಾ ನಗು ನುಂಗಿಕೊಂಡು "ಎಳೀರಿ!" ಅಂತ ಕೂಗಿದಳು. ಹಗ್ಗಗಳು ಬಿಗಿದವು, ಎತ್ತುಗಳು ಮುಂದಕ್ಕೆ ಬಾಗಿದವು, ಅಜ್ಜಿಯ ಮನೆ ಪರದೆ ಸಮೇತ ಕದಲಿತು. ಒಬ್ಬಳು ಕೂಗಿದ್ದಕ್ಕೆ ಒಂದು ಮನೆ ಎದ್ದು ನಡೆಯುವುದೆಂದರೆ! ಅಷ್ಟು ದಿನದಲ್ಲಿ ಮೊದಲ ಸಲ ಅವಳಿಗೆ ಹಿಗ್ಗಾಯಿತು. ಎಲಾದಿಯೊ ಹುಬ್ಬಿನವರೆಗೆ ಕೆಸರಾಗಿ, ದಿಮ್ಮಿ ಬಿಟ್ಟು ಅವಳನ್ನೇ ನೋಡುತ್ತಿದ್ದ.

"ದಿಮ್ಮಿ ನೋಡೋ!"

"ದಿಮ್ಮಿ ಓಡಿಹೋಗಲ್ಲ."

ಮನೆ ಹೊಸ ಜಾಗದಲ್ಲಿ ಕೂತ ಮೇಲೆ, ಊಟದ ಹೊಗೆ ಏಳುತ್ತಿರುವಾಗ, ಅವಳು ಅವನನ್ನು ಬೇಲಿ ಹತ್ತಿರ ಹಿಡಿದು ನಿಲ್ಲಿಸಿದಳು. "ಟೋಪಿ ಕೈಲಿ ಹಿಡಿದು ಬಂದು ನನಗೇ ಟೋಪಿ ಹಾಕಿದ್ಯಲ್ಲ. ಯಾಕೋ ನನ್ನ ಸಿಕ್ಕಿಸಿದೆ?"

ಅವನ ತಮಾಷೆಯೆಲ್ಲ ಇಳಿಯಿತು. "ಇಲ್ಲಿ ಬೇಡ. ನಾಳೆ ಮನೆಗೆ ಬರ್ತೀನಿ."

ಬಂದ. ಅದೇ ಟೋಪಿ, ಅದೇ ಬಿಸಿ ರೊಟ್ಟಿ. ಈ ಸಲ ಯಾಸ್ನಾ ತುಟಿ ಬಿಗಿದುಕೊಂಡು ನಿಂತಳು.

"ಆಚೆ ದಡದಲ್ಲಿ ನಮ್ಮಜ್ಜನ ಮನೆ ಖಾಲಿ ಬಿದ್ದಿದೆ, ನಿಂಗೊತ್ತು. ಅದನ್ನ ನೀರಿನ ಮೇಲೆ ತೇಲಿಸಿ ಇಲ್ಲಿಗೆ, ನಿಮ್ಮ ಬೇಲಿ ಪಕ್ಕಕ್ಕೆ ತರ್ಬೇಕು. ನಾನೇ ಅಧ್ಯಕ್ಷ ಆಗಿದ್ರೆ ಕೇಳೋ ಹಾಗಿರ್ಲಿಲ್ಲ. ಅದಕ್ಕೇ ಬಿಟ್ಟೆ."

"ಬಿಟ್ಟು ನನ್ನ ತಲೆಗೆ ಕಟ್ಟಿದೆ."

"ಬೇರೆ ಯಾರು ಕೂಗಿದ್ರೂ ಈ ಜನ ಎಳೆಯಲ್ಲ ಕಣೇ." ಟೋಪಿಯನ್ನು ಹಿಂಡುತ್ತ ನಿಂತ. "ಇನ್ನೂ ಇದೆ. ಆ ಮನೇಲಿ ಒಬ್ಬನೇ ಇರೋಕೆ ನಂಗಿಷ್ಟ ಇಲ್ಲ. ನನ್ನ ಮದುವೆ ಆಗ್ತೀಯಾ, ಯಾಸ್ನಾ?"

ಹೂಂ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ತಲೆಯೊಳಗಿನ ಅಧ್ಯಕ್ಷೆ ಎದ್ದು ಕೂತಳು.

"ಹೂಂ ಅಂದ್ರೆ ಅದು ನನ್ನ ಮನೇನೂ ಆಗುತ್ತೆ," ಅಂದಳು ಮೆಲ್ಲಗೆ. "ನನ್ನ ಮನೆಗೆ ನಾನು ಜನ ಕರೆಯೋ ಹಾಗಿಲ್ಲ. ಎರಡು ವರ್ಷ ಅದು ಆಚೆ ದಡದಲ್ಲೇ ಕೂತಿರುತ್ತೆ. ಮದುವೆ ಇಲ್ಲ ಅಂದ್ರೆ ಬರೋ ಭಾನುವಾರವೇ ತರಿಸಿಕೊಡ್ತೀನಿ. ಆದ್ರೆ ಅದರಲ್ಲಿ ನಾನಿರಲ್ಲ."

ಎಲ್ಲವನ್ನೂ ಯೋಚಿಸಿದ್ದ ಎಲಾದಿಯೊಗೆ ಇದೊಂದು ಹೊಳೆದಿರಲಿಲ್ಲ.

"ತೋಡಿದ ಗುಂಡಿಗೆ ತಾನೇ ಬಿದ್ದ, ಪಾಪ!" ಅಂತ ಅಮ್ಮ ಒಳಗಿಂದ ಕೂಗಿದಳು. "ಮನೆ ಇಲ್ಲದ ಮದುವೆಗೆ ನಾನಂತೂ ಒಪ್ಪಲ್ಲ, ಹೇಳಿಬಿಟ್ಟಿದ್ದೀನಿ. ಇಲ್ಲಿ ನಮ್ಮಿಬ್ಬರಿಗೇ ಜಾಗ ಇಲ್ಲ."

ಎಲಾದಿಯೊ ದನಿ ತಗ್ಗಿಸಿದ. "ಈಗ ಇಲ್ಲ ಅನ್ನು. ಮನೆ ಬಂದ ಮೇಲೆ ಹೂಂ ಅನ್ನು. ಯಾರಿಗೆ ಗೊತ್ತಾಗುತ್ತೆ?"

ಯಾಸ್ನಾಗೆ ಆಸೆಯಾಯಿತು. ಎಷ್ಟು ಆಸೆಯಾಯಿತೆಂದರೆ, ಉತ್ತರ ಕೊಡುವ ಮುಂಚೆ ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕಾಯಿತು. ನಿನ್ನೆ ಹಗ್ಗ ಎಳೆದವರ ಅಂಗೈಗಳು ಅವಳ ಕಣ್ಣಮುಂದೆ ಬಂದವು.

"ನಾನು ಕೂಗಿದ್ರೆ ಅವರು ಎಳೀತಾರೆ ಅಂತ ನೀನೇ ಹೇಳಿದೆ. ಸುಳ್ಳು ಹೇಳೋಳು ಕೂಗಿದ್ರೆ ಎಳೀತಾರಾ?"

ಅವನು ತಲೆ ತಗ್ಗಿಸಿದ. ರೊಟ್ಟಿ ಆರುತ್ತಿತ್ತು. ಯಾಸ್ನಾ ಅದನ್ನು ಅವನ ಕೈಯಿಂದ ತೆಗೆದುಕೊಂಡು ಎರಡಾಗಿ ಮುರಿದಳು.

"ಹೂಂ," ಅಂದಳು. ಕಣ್ಣು ತುಂಬಿ ಬಂದಿತ್ತು. "ಈ ಸಲ ಪೂರ್ತಿ ಕೇಳಿಸಿಕೊಂಡೇ ಹೇಳ್ತಿದ್ದೀನಿ."

ಆಮೇಲೆ ತನ್ನ ತಲೆಯ ಮೇಲಿದ್ದ ಉಣ್ಣೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದಳು. ರೊಟ್ಟಿಯ ಇನ್ನರ್ಧವನ್ನು ಅವನ ಮುಂದೆ ಚಾಚಿದಳು.

"ಈಗ ನಾನು ಬೇಡಿಕೊಳ್ತಿದ್ದೀನಿ, ಎಲಾದಿಯೊ. ಎರಡು ವರ್ಷ ಕಾಯೋಕೆ..."

"ಹೂಂ," ಅಂದ ಅವನು, ಅವಳು ಕೇಳಿ ಮುಗಿಸುವ ಮೊದಲೇ, ಮತ್ತು ರೊಟ್ಟಿ ತೆಗೆದುಕೊಂಡು ಬಾಯಿಗಿಟ್ಟ.